‘ನೀವು ಯಾರ ಕಡೆಯವರು?’: ಹೈಕೋರ್ಟ್ ನ್ಯಾಯಮೂರ್ತಿಗಳ ಆಯ್ಕೆ ಬಗ್ಗೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಮುಖ್ಯ ನ್ಯಾಯಮೂರ್ತಿಗಳು ಹಾಗೂ ಕೊಲಿಜಿಯಂನ ಇಬ್ಬರು ಹಿರಿಯ ನ್ಯಾಯಮೂರ್ತಿಗಳು,
ಕರ್ನಾಟಕ ಹೈಕೋರ್ಟ್, ಬೆಂಗಳೂರು.

ವಿಷಯ: ವಕೀಲರ ಪೈಕಿ ನ್ಯಾಯಮೂರ್ತಿಗಳನ್ನು ಆರಿಸುವಾಗ ಬಹಿರಂಗವಾಗಿ ಅರ್ಜಿ ಕರೆಯಬೇಕೆಂಬ ಮನವಿ.

ಮಾನ್ಯರೇ,

ನಾನು ಒಂದು ತಾಲ್ಲೂಕು ಕೋರ್ಟಿನಲ್ಲಿ 23 ವರ್ಷದಿಂದ ವಕೀಲಿಕೆ ಮಾಡುತ್ತಿದ್ದೇನೆ. ಭಾಗದ ದಾವೆ, ದಾರಿ ತಕರಾರು, ಚೆಕ್ ಬೌನ್ಸ್, ಜೀವನಾಂಶ, ಅಪಘಾತ ಪರಿಹಾರ. ನನ್ನ ದಿನ ಇವುಗಳಲ್ಲೇ ಮುಗಿಯುತ್ತದೆ. ಹೈಕೋರ್ಟಿಗೆ ಬಂದಿದ್ದು ಬೆರಳೆಣಿಕೆಯಷ್ಟು ಸಲ. ಅದೂ ನಮ್ಮ ಕಕ್ಷಿದಾರರ ಫೈಲನ್ನು ಅಲ್ಲಿನ ವಕೀಲರ ಕೈಗೆ ಕೊಟ್ಟು ಬರಲಿಕ್ಕೆ.

ತಮ್ಮ ಮೇಲೆ ಯಾವ ಆರೋಪವನ್ನೂ ಹೊರಿಸಲು ಈ ಪತ್ರ ಬರೆಯುತ್ತಿಲ್ಲ. ನ್ಯಾಯಾಲಯವನ್ನು ನಂಬಿ ಅನ್ನ ತಿಂದವಳು ನಾನು. ನನ್ನ ಮಾತು ಕೇಳಿ ನೂರಾರು ಜನ ನ್ಯಾಯಾಲಯವನ್ನು ನಂಬಿದ್ದಾರೆ. ಆ ಋಣಕ್ಕೆ ಬರೆಯುತ್ತಿದ್ದೇನೆ. ಹೈಕೋರ್ಟಿನ ಹೊಸ ನ್ಯಾಯಮೂರ್ತಿಗಳ ಪಟ್ಟಿ ಮೊದಲು ಹುಟ್ಟುವುದು ಕೊಲಿಜಿಯಂ, ಅಂದರೆ ಹೆಸರು ಆರಿಸಿ ಶಿಫಾರಸು ಮಾಡುವ ತಮ್ಮ ಮೂವರ ಮೇಜಿನ ಮೇಲೆ. ಬೆಂಗಳೂರಿನ ವಿಧಾನಸೌಧ, ದೆಹಲಿಯ ಸುಪ್ರೀಂ ಕೋರ್ಟು, ಕೇಂದ್ರ ಸರ್ಕಾರ ಎಲ್ಲವೂ ಆಮೇಲೆ. ಆದ್ದರಿಂದ ಮೊದಲ ಮಾತನ್ನು ತಮಗೇ ಹೇಳಬೇಕು ಅನ್ನಿಸಿತು.

ನನ್ನ ಸೀನಿಯರ್ ಬಗ್ಗೆ ಮೊದಲು ಹೇಳುತ್ತೇನೆ. ಅವರು ಈಗಿಲ್ಲ. 41 ವರ್ಷ ಒಂದೇ ಕೋರ್ಟಿನಲ್ಲಿ ಕೆಲಸ ಮಾಡಿದವರು. ನಾನು ಜೂನಿಯರ್ ಆಗಿ ಸೇರಿದ ಎರಡನೇ ವರ್ಷ ಒಂದು ಒತ್ತುವರಿ ಕೇಸು ಬಂತು. ಹನ್ನೊಂದು ಗುಂಟೆ ಜಮೀನು. ನಮ್ಮ ಕಡೆ ಗಂಡ ತೀರಿಕೊಂಡ ಒಬ್ಬ ಹೆಣ್ಣುಮಗಳು. ಆ ಕಡೆ ಊರಿನ ದೊಡ್ಡ ಮನೆತನ. ಅವರ ಪರವಾಗಿ ಒಬ್ಬ ಸರ್ವೆಯರ್ ಸಾಕ್ಷಿ ಹೇಳಲು ಬಂದ. ಕೈಯಲ್ಲಿ ನಕ್ಷೆ, ಟಿಪ್ಪಣಿ ಎಲ್ಲ ಇತ್ತು. ಮುಖ್ಯ ವಿಚಾರಣೆ ಮುಗಿದಾಗ ಕೇಸು ಕೈಬಿಟ್ಟು ಹೋಯಿತು ಅಂತ ನನಗೆ ಅನ್ನಿಸಿತ್ತು. ಸೀನಿಯರ್ ಎದ್ದು ನಿಂತರು.

‘ಅಳತೆ ಎಲ್ಲಿಂದ ಶುರು ಮಾಡಿದಿರಿ?’

‘ಮೂಲೆಯ ಬಾಂದುಕಲ್ಲಿನಿಂದ.’

‘ಆ ಕಲ್ಲನ್ನು ಕಣ್ಣಾರೆ ನೋಡಿದಿರಾ?’

ಆತ ಸ್ವಲ್ಪ ಹೊತ್ತು ಸುಮ್ಮನಿದ್ದ. ‘ಕಲ್ಲು ಸಿಗಲಿಲ್ಲ ಸ್ವಾಮಿ. ಅಲ್ಲೊಂದು ಬೇವಿನ ಮರ ಇತ್ತು. ಅಲ್ಲಿಂದ ಹಿಡಿದೆ.’

‘ಮರದ ಹತ್ತಿರವೇ ಕಲ್ಲು ಇತ್ತು ಅಂತ ಹೇಳಿದ್ದು ಯಾರು?’

‘ಪ್ರತಿವಾದಿಯವರು.’

ಸೀನಿಯರ್ ಕೂತರು. ಇನ್ನೊಂದು ಪ್ರಶ್ನೆ ಕೇಳಲಿಲ್ಲ. ಧ್ವನಿ ಏರಿಸಲಿಲ್ಲ. ನಕ್ಷೆಯ ಕಡೆ ನೋಡಲೂ ಇಲ್ಲ. ಇಡೀ ನಕ್ಷೆ ಅಲ್ಲಿಗೆ ಬಿದ್ದುಹೋಗಿತ್ತು. ಆ ಹೆಣ್ಣುಮಗಳಿಗೆ ಡಿಕ್ರಿ ಆಯಿತು. ಮೇಲ್ಮನವಿ ಹೈಕೋರ್ಟಿನವರೆಗೂ ಹೋಯಿತು. ಅಲ್ಲೂ ಇದೇ ಉತ್ತರಗಳನ್ನು ಎತ್ತಿ ಹಿಡಿದು ಡಿಕ್ರಿ ಖಾಯಂ ಮಾಡಿದರು. ಆ ತೀರ್ಪಿನಲ್ಲಿ ವಕೀಲರ ಹೆಸರು ಅಂತ ಇರುವುದು ಹೈಕೋರ್ಟಿನಲ್ಲಿ ವಾದ ಮಾಡಿದವರದ್ದು. ಅದು ಸಹಜವೇ. ನನ್ನ ಸೀನಿಯರ್ ಹೆಸರು ಎಲ್ಲೂ ಇಲ್ಲ.

ಅವರು ನ್ಯಾಯಮೂರ್ತಿ ಆಗಬೇಕಿತ್ತು ಅಂತ ನಾನು ಹಟ ಹಿಡಿಯುತ್ತಿಲ್ಲ. ಆಗಬಹುದಿತ್ತೇನೋ ಎಂದು ಯಾರೂ ಯಾವತ್ತೂ ಯೋಚಿಸಲಿಲ್ಲವಲ್ಲ, ಸಂಕಟ ಅದು. ಸಂವಿಧಾನದ 217ನೇ ವಿಧಿ ಕೇಳುವುದು ಹತ್ತು ವರ್ಷದ ನ್ಯಾಯಾಂಗ ಹುದ್ದೆ ಅಥವಾ ಹತ್ತು ವರ್ಷದ ಹೈಕೋರ್ಟ್ ವಕೀಲಿಕೆ. ಅಷ್ಟೇ. ಅದಾದ ಮೇಲೆ ಯಾರು, ಯಾಕೆ ಎಂಬುದು ತಮ್ಮ ಮೂವರ ಮನಸ್ಸಿಗೆ ಬಿಟ್ಟದ್ದು. ತಾವು ಆರಿಸುವುದು ತಮ್ಮ ಕಣ್ಣಿಗೆ ಬಿದ್ದವರಲ್ಲಿ. ಕಣ್ಣಿಗೆ ಬೀಳುವುದು ತಮ್ಮ ಕೋರ್ಟ್ ಹಾಲಿಗೆ ದಿನಾ ಬರುವವರು. 2008ರಲ್ಲಿ ಧಾರವಾಡ, ಕಲಬುರಗಿಗಳಲ್ಲಿ ಸಂಚಾರಿ ಪೀಠ ಬಂದು, 2013ರಲ್ಲಿ ಅವು ಕಾಯಂ ಆದ ಮೇಲೆ ಉತ್ತರದ ವಕೀಲರಿಗೆ ಹೈಕೋರ್ಟು ಸ್ವಲ್ಪ ಹತ್ತಿರವಾಯಿತು. ತಾಲ್ಲೂಕು ಕೋರ್ಟಿನ ಹಾಲಿಗೆ ಇವತ್ತಿಗೂ ಯಾವ ಕಿಟಕಿಯೂ ಇಲ್ಲ.

ನಮ್ಮ ಹೈಕೋರ್ಟಿನ ಮಂಜೂರಾದ ನ್ಯಾಯಮೂರ್ತಿಗಳ ಸಂಖ್ಯೆ 62. ರೂಢಿಯ ಪ್ರಕಾರ ಸುಮಾರು ಮೂರನೇ ಒಂದು ಭಾಗ ಜಿಲ್ಲಾ ನ್ಯಾಯಾಧೀಶರ ಪೈಕಿ ಬರುತ್ತಾರೆ. ಅವರು ಪರೀಕ್ಷೆ ಬರೆದವರು. ಅವರ ತೀರ್ಪುಗಳು ಕಡತದಲ್ಲಿವೆ, ಗೋಪ್ಯ ವರದಿಗಳಿವೆ, ಸೇವಾ ಹಿರಿತನ ಇದೆ. ಅವರನ್ನು ತೂಗಲು ಏನಾದರೂ ಒಂದು ತಕ್ಕಡಿ ಇದೆ. ಉಳಿದ ಎರಡು ಭಾಗ ವಕೀಲರಿಂದ ಬರಬೇಕು. ಅಲ್ಲಿ ಏನಿದೆ?

ನಮ್ಮ ಜಿಲ್ಲಾ ಕೋರ್ಟಿನಲ್ಲಿ ಜವಾನರನ್ನು ತೆಗೆದುಕೊಳ್ಳಬೇಕಾದರೂ ನೋಟಿಫಿಕೇಷನ್ ಬರುತ್ತದೆ. ಕೊನೆಯ ದಿನಾಂಕ ಇರುತ್ತದೆ. ಅಂಕಪಟ್ಟಿ ನೋಡಿ ಪಟ್ಟಿ ಮಾಡುತ್ತಾರೆ, ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಅಂಟಿಸುತ್ತಾರೆ. ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಪೂರ್ವಭಾವಿ ಪರೀಕ್ಷೆ, ಮುಖ್ಯ ಪರೀಕ್ಷೆ, ಮೌಖಿಕ. ಈಗ ಸುಪ್ರೀಂ ಕೋರ್ಟಿನ 2025ರ ಮೇ ತೀರ್ಪಿನ ಪ್ರಕಾರ ಅದಕ್ಕೆ ಮೂರು ವರ್ಷದ ವಕೀಲಿಕೆಯೂ ಬೇಕು. ಕೋರ್ಟು ಕೊಡುವ ‘ಹಿರಿಯ ವಕೀಲ’ ಎಂಬ ಪದವಿಯ ಗೌನ್ ವಿಷಯ ತೆಗೆದುಕೊಳ್ಳಿ. ಅದೂ ಒಂದು ಕಾಲದಲ್ಲಿ ಮುಚ್ಚಿದ ಕೋಣೆಯ ವ್ಯವಹಾರವೇ ಆಗಿತ್ತು. 2017ರ ಇಂದಿರಾ ಜೈಸಿಂಗ್ ಪ್ರಕರಣದ ತೀರ್ಪಿನ ನಂತರ ಅರ್ಜಿ ಕರೆದು, ಅರ್ಜಿದಾರರ ಹೆಸರು ಪ್ರಕಟಿಸಿ, ಜನರ ಅಭಿಪ್ರಾಯ ಕೇಳುವ ಪದ್ಧತಿ ಬಂತು. ಅಲ್ಲಿದ್ದ ಅಂಕ ಪದ್ಧತಿಯನ್ನು 2025ರಲ್ಲಿ ಸುಪ್ರೀಂ ಕೋರ್ಟೇ ಕೈಬಿಟ್ಟಿತು. ಅರ್ಜಿ ಮಾತ್ರ ಉಳಿಯಿತು. ಗೌನಿಗೆ ಅರ್ಜಿ ಹಾಕಬಹುದು, ಜವಾನನ ಕೆಲಸಕ್ಕೆ ಅರ್ಜಿ ಹಾಕಬಹುದು. ಹೈಕೋರ್ಟ್ ನ್ಯಾಯಮೂರ್ತಿಯ ಹುದ್ದೆಗೆ ಅರ್ಜಿ ಹಾಕುವ ದಾರಿಯೇ ಇಲ್ಲ.

ಈ ಮಾತು ಹೇಳಿದಾಗ ನಮ್ಮ ಸಂಘದ ಹಿರಿಯರೊಬ್ಬರು ನನ್ನನ್ನು ಗದರಿದರು. ‘ಅದು ಕೇಳಿ ತಗೊಳ್ಳೋ ಹುದ್ದೆ ಅಲ್ಲಮ್ಮ, ಕರೆದು ಕೊಡೋ ಹುದ್ದೆ’ ಅಂದರು. ಅವರ ಮಾತಿನಲ್ಲಿ ಒಂದು ಘನತೆ ಇದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಕರೆಯಬೇಕಾದರೆ ಆ ಮನುಷ್ಯ ಇದ್ದಾನೆ ಅಂತ ಗೊತ್ತಿರಬೇಕು ಅಲ್ವಾ? ಇನ್ನೂ ಒಂದು ಮಾತು. ಬಾಯಿಬಿಟ್ಟು ಯಾರೂ ಕೇಳುವುದಿಲ್ಲ ಎಂಬುದು ನಿಜವೇ ಆಗಿದ್ದರೆ ನನಗೆ ತಕರಾರಿಲ್ಲ. ಕೇಳುವವರು ಕೇಳುತ್ತಲೇ ಇದ್ದಾರೆ, ಹಿಂಬಾಗಿಲಲ್ಲಿ ನಿಂತು. ಕೇಳಲು ನಾಚಿಕೆ ಪಡುವವರು ಮಾತ್ರ ಮನೆಯಲ್ಲಿ ಉಳಿದುಕೊಂಡಿದ್ದಾರೆ.

ಈಗ ನನ್ನದೇ ಒಂದು ಅನುಭವ ಹೇಳಬೇಕು. ಊರು, ಜಿಲ್ಲೆ, ಪಕ್ಷ ಯಾವುದನ್ನೂ ಹೆಸರಿಸುವುದಿಲ್ಲ. ಕೆಲವು ವರ್ಷದ ಹಿಂದೆ ಸರ್ಕಾರ ಬದಲಾಯಿತು. ಸರ್ಕಾರ ಬದಲಾದ ಕೂಡಲೇ ಸರ್ಕಾರಿ ವಕೀಲರೂ ಬದಲಾಗುತ್ತಾರೆ. ನಮ್ಮಲ್ಲಿ ಇದು ಮಳೆಗಾಲ ಬಂದಷ್ಟು ಸಹಜ ಆಗಿಬಿಟ್ಟಿದೆ. ಸಹೋದ್ಯೋಗಿಗಳು ‘ನೀವು ಹಾಕಿ ಮೇಡಂ, ನಿಮಗಿಂತ ಯಾರಿದ್ದಾರೆ’ ಅಂದರು. ಬಯೋಡಾಟಾ ಬರೆದೆ. ನಡೆಸಿದ ಕೇಸುಗಳ ಪಟ್ಟಿ ಜೋಡಿಸಿದೆ. ಅದನ್ನು ಶಾಸಕರ ಲೆಟರ್ ಜೊತೆ ಕಳಿಸಬೇಕು ಅಂತ ಗೊತ್ತಾಯಿತು. ಬೆಳಿಗ್ಗೆ ಏಳೂವರೆಗೆ ಅವರ ಮನೆ ಮುಂದೆ ಹೋದೆ. ಅಂಗಳದ ತುಂಬ ಪ್ಲಾಸ್ಟಿಕ್ ಕುರ್ಚಿ. ವರ್ಗಾವಣೆಗೆ ಬಂದ ಮೇಷ್ಟ್ರು, ಬೋರ್‌ವೆಲ್‌ಗೆ ಬಂದ ರೈತರು, ನಡುವೆ ಕರಿ ಕೋಟು ಮಡಚಿ ಕೈಮೇಲೆ ಹಾಕಿಕೊಂಡು ಕೂತ ನಾನು. ಎರಡು ಗಂಟೆ ಆದ ಮೇಲೆ ಆಪ್ತ ಸಹಾಯಕ ಬಂದ. ಫೈಲು ತೆರೆಯಲಿಲ್ಲ.

‘ಮೇಡಂ, ನೀವು ಯಾರ ಕಡೆಯವರು?’

‘ಯಾರ ಕಡೆಯೂ ಅಲ್ಲ. ಇಲ್ಲೇ ಪ್ರಾಕ್ಟೀಸ್ ಮಾಡ್ತಿದ್ದೀನಿ.’

‘ಅದು ಸರಿ. ಕಳಿಸಿದ್ದು ಯಾರು?’

ನನಗೆ ಹೇಳಲು ಹೆಸರಿರಲಿಲ್ಲ. ಎದ್ದು ಬಂದೆ. ಆ ದಿನ ಹತ್ತೂವರೆಗೆ ನನಗೊಂದು ಪಾಟಿ ಸವಾಲಿತ್ತು. ಅದನ್ನು ಹೇಗೆ ಮಾಡಿದೆನೋ ನೆನಪಿಲ್ಲ.

ಹುದ್ದೆ ಚುನಾವಣೆಯಲ್ಲಿ ಓಡಾಡಿದ ಒಬ್ಬರಿಗೆ ಹೋಯಿತು. ಒಳ್ಳೆಯ ಮನುಷ್ಯ. ಆದರೆ ಅಲ್ಲಿಯವರೆಗೆ ಆತ ಸ್ವತಂತ್ರವಾಗಿ ಒಂದು ದಾವೆಯನ್ನು ಕೊನೆ ಮುಟ್ಟಿಸಿದ್ದನ್ನು ನಾನು ನೋಡಿರಲಿಲ್ಲ. ಮುಂದೆ ನಾಲ್ಕು ಎಕರೆ ಗೋಮಾಳದ ಒಂದು ಕೇಸು ಬಂತು. ಖಾಸಗಿಯವರು ತಮ್ಮದೆಂದು ಘೋಷಣೆ ಕೇಳಿದ್ದರು. ಸರ್ಕಾರದ ಪರವಾಗಿ ಲಿಖಿತ ಹೇಳಿಕೆ ಸಲ್ಲಿಕೆಯೇ ತಡವಾಯಿತು. ವಾದಿಯ ಸಾಕ್ಷಿ ಮುಗಿದ ದಿನ ನಾನು ಅದೇ ಹಾಲಿನಲ್ಲಿ ನನ್ನ ಕೇಸಿಗೆ ಕಾಯುತ್ತಿದ್ದೆ. ನ್ಯಾಯಾಧೀಶರು ಎರಡು ಸಲ ಕರೆಸಿದರು. ಸರ್ಕಾರಿ ವಕೀಲರು ಬರಲಿಲ್ಲ. ಬೆರಳಚ್ಚುಗಾರರು ‘ಕ್ರಾಸ್: ನಿಲ್’, ಅಂದರೆ ಪಾಟಿ ಸವಾಲು ಇಲ್ಲ, ಅಂತ ಟೈಪ್ ಮಾಡಿದರು. ಊರ ದನ ಮೇಯುವ ಜಾಗ ಆ ಎರಡು ಪದದಲ್ಲಿ ಹೋಯಿತು. ನಾನು ಕೂತಲ್ಲೇ ಕೂತಿದ್ದೆ. ಅದು ನನ್ನ ಕೇಸಲ್ಲ, ಏಳುವ ಹಕ್ಕು ನನಗಿರಲಿಲ್ಲ.

ಈ ಕಥೆಗೂ ಹೈಕೋರ್ಟ್ ನ್ಯಾಯಮೂರ್ತಿಗಳ ಆಯ್ಕೆಗೂ ಏನು ಸಂಬಂಧ ಅಂತ ತಾವು ಕೇಳಬಹುದು. ಇಡೀ ಪತ್ರದ ತಿರುಳು ಇದೇ. ಸರ್ಕಾರ ಅತಿ ದೊಡ್ಡ ಕಕ್ಷಿದಾರ. ಹೈಕೋರ್ಟಿನ ಯಾವ ಹಾಲಿಗೆ ಹೋದರೂ ಅರ್ಧಕ್ಕರ್ಧ ಕೇಸಿನಲ್ಲಿ ಒಂದು ಕಡೆ ಸರ್ಕಾರ ಇರುತ್ತದೆ. ಹಾಗಾಗಿ ಸರ್ಕಾರಿ ವಕೀಲರು ದಿನಕ್ಕೆ ಹತ್ತು ಸಲ ನ್ಯಾಯಮೂರ್ತಿಗಳ ಎದುರು ನಿಲ್ಲುತ್ತಾರೆ. ಅವರ ಮುಖ ಪರಿಚಯವಾಗುತ್ತದೆ, ವಾದ ಪರಿಚಯವಾಗುತ್ತದೆ, ವರದಿಯಾದ ತೀರ್ಪುಗಳಲ್ಲಿ ಹೆಸರು ಬರುತ್ತದೆ. ಮುಂದೆ ತಮ್ಮ ಮೇಜಿನ ಮೇಲೆ ಪಟ್ಟಿ ಸಿದ್ಧವಾಗುವಾಗ ಆ ಹೆಸರು ತಾನಾಗಿ ಬರುತ್ತದೆ. ಪ್ರಮಾಣವಚನದ ದಿನ ಓದುವ ಪರಿಚಯಗಳಲ್ಲಿ ‘ಸರ್ಕಾರಿ ವಕೀಲರಾಗಿ ಸೇವೆ’ ಎಂಬ ಸಾಲು ಎಷ್ಟು ಸಲ ಬರುತ್ತದೆ ಎಂಬುದು ತಮಗೆ ನನಗಿಂತ ಚೆನ್ನಾಗಿ ಗೊತ್ತು. ಅವರಲ್ಲಿ ಬಹಳ ಜನ ನಿಜಕ್ಕೂ ಸಮರ್ಥರು. ಅವರನ್ನು ಹೀಯಾಳಿಸುವ ಮಾತು ಇದಲ್ಲ. ಆದರೆ ಮೊದಲ ಮೆಟ್ಟಿಲಲ್ಲಿ ಅವರನ್ನು ನಿಲ್ಲಿಸಿದ್ದು ಏನು? ಎಷ್ಟೋ ಸಲ ಒಂದು ಲೆಟರ್. ರಾಜಕೀಯ ತಮ್ಮ ಕೋಣೆಗೆ ಫೋನ್ ಮಾಡಿಕೊಂಡು ಬರಬೇಕಾಗಿಯೇ ಇಲ್ಲ. ಹತ್ತು ಹದಿನೈದು ವರ್ಷ ಮೊದಲೇ, ಶಾಸಕರ ಅಂಗಳದ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ತನ್ನ ಕೆಲಸ ಮುಗಿಸಿರುತ್ತದೆ. ತಾವು ಎಷ್ಟೇ ಪ್ರಾಮಾಣಿಕವಾಗಿ ಆರಿಸಿದರೂ, ಅದು ಮೊದಲೇ ಜರಡಿ ಹಿಡಿದಿಟ್ಟವರ ಪೈಕಿ ಮಾತ್ರ.

ಸುಪ್ರೀಂ ಕೋರ್ಟಿಗೆ ಇದು ಗೊತ್ತಿಲ್ಲದ್ದೇನಲ್ಲ. ಉತ್ತರ ಪ್ರದೇಶದಲ್ಲಿ ಜಿಲ್ಲಾ ಸರ್ಕಾರಿ ವಕೀಲರನ್ನು ಒಂದೇ ಏಟಿಗೆ ತೆಗೆದುಹಾಕಿದಾಗ, ಶ್ರೀಲೇಖಾ ವಿದ್ಯಾರ್ಥಿ ಪ್ರಕರಣದಲ್ಲಿ ಅದನ್ನು ಮನಸೋಇಚ್ಛೆಯ ಕ್ರಮ ಎಂದು ರದ್ದು ಮಾಡಿತ್ತು. 2016ರ ಮಾರ್ಚ್‌ನಲ್ಲಿ ಪಂಜಾಬಿನ ಬ್ರಿಜೇಶ್ವರ್ ಸಿಂಗ್ ಚಾಹಲ್ ಪ್ರಕರಣದಲ್ಲಿ ಇನ್ನೂ ನೇರವಾಗಿ ಹೇಳಿತು: ಸರ್ಕಾರಿ ವಕೀಲರ ನೇಮಕ ನ್ಯಾಯಯುತವಾಗಿರಬೇಕು, ಅರ್ಹತೆ ನೋಡಿ ಮಾಡಬೇಕು, ಅದಕ್ಕೊಂದು ಪಾರದರ್ಶಕ ಪದ್ಧತಿ ಇರಬೇಕು. ಆ ತೀರ್ಪು ಬಂದ ಮೇಲೂ ನಮ್ಮಲ್ಲಿ ಕೇಳುವ ಪ್ರಶ್ನೆ ಮಾತ್ರ ‘ಯಾರ ಕಡೆಯವರು?’

ಹಾಗಾದರೆ ಆಯ್ಕೆಯನ್ನು ಸರ್ಕಾರದ ಕೈಗೇ ಕೊಟ್ಟುಬಿಡೋಣ ಅನ್ನುವವರಿದ್ದಾರೆ. ನಾನು ಅವರ ಜೊತೆ ಇಲ್ಲ. ಕನ್ನಡ ನಾಡಿನವರಂತೂ ಆ ಪಾಠ ಮರೆಯಬಾರದು. 1973ರ ಏಪ್ರಿಲ್ 24ರಂದು, ಸಂವಿಧಾನದ ಮೂಲ ರಚನೆಯನ್ನು ಸಂಸತ್ತೂ ಬದಲಿಸುವಂತಿಲ್ಲ ಎಂದ ಕೇಶವಾನಂದ ಭಾರತಿ ತೀರ್ಪು ಬಂತು. ಕಾಸರಗೋಡಿನ ಎಡನೀರು ಮಠದ ಸ್ವಾಮಿಗಳು ಹೂಡಿದ ಕೇಸು ಅದು. ಮರುದಿನವೇ ಮೂವರು ಹಿರಿಯ ನ್ಯಾಯಮೂರ್ತಿಗಳನ್ನು ಬದಿಗೆ ಸರಿಸಿ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡುವ ತೀರ್ಮಾನ ಹೊರಬಿತ್ತು. ಬದಿಗೆ ಸರಿದವರು ಶೆಲಟ್, ಗ್ರೋವರ್ ಮತ್ತು ನಮ್ಮ ಕಾರ್ಕಳ ಕಡೆಯ ಕೆ.ಎಸ್. ಹೆಗ್ಡೆ. ಮೂವರೂ ರಾಜೀನಾಮೆ ಕೊಟ್ಟರು. ಸರ್ಕಾರದ ವಿರುದ್ಧ ತೀರ್ಪು ಬರೆದದ್ದೇ ಅವರ ತಪ್ಪು. ತುರ್ತು ಪರಿಸ್ಥಿತಿಯಲ್ಲಿ ದೇಶದಾದ್ಯಂತ 16 ಹೈಕೋರ್ಟ್ ನ್ಯಾಯಮೂರ್ತಿಗಳನ್ನು ಎತ್ತಂಗಡಿ ಮಾಡಿದರು. ನಮ್ಮ ಹೈಕೋರ್ಟಿನಿಂದ ಡಿ.ಎಂ. ಚಂದ್ರಶೇಖರ್ ಅಲಹಾಬಾದಿಗೆ, ಎಂ. ಸದಾನಂದಸ್ವಾಮಿ ಗುವಾಹಟಿಗೆ ಹೋದರು. ಬೆಂಗಳೂರಿನಲ್ಲಿ ಬಂಧಿಸಿಟ್ಟಿದ್ದ ವಿರೋಧ ಪಕ್ಷದ ಸಂಸದರ ಅರ್ಜಿಗಳು ಬಂದದ್ದು ಇದೇ ಹೈಕೋರ್ಟಿನ ಮುಂದೆ. ಈ ಗಾಯದಿಂದಲೇ 1993ರಲ್ಲಿ, ಮತ್ತೆ 1998ರಲ್ಲಿ ಸುಪ್ರೀಂ ಕೋರ್ಟಿನ ಮಾತಿನಿಂದ, ನ್ಯಾಯಮೂರ್ತಿಗಳೇ ನ್ಯಾಯಮೂರ್ತಿಗಳನ್ನು ಆರಿಸುವ ಕೊಲಿಜಿಯಂ ಪದ್ಧತಿ ಗಟ್ಟಿಯಾಯಿತು. ಅದು ಯಾಕೆ ಹುಟ್ಟಿತು ಎಂಬುದು ನನಗೆ ಅರ್ಥವಾಗುತ್ತದೆ.

ಇವತ್ತಿಗೂ ಸರ್ಕಾರದ ಕೈ ಪೂರ್ತಿ ದೂರವಾಗಿಲ್ಲ. ಕೈ ಎತ್ತಿ ಬೇಡ ಅನ್ನುವುದಿಲ್ಲ, ಸುಮ್ನೆ ಫೈಲು ಇಟ್ಟುಕೊಳ್ಳುತ್ತದೆ. ವಕೀಲ ನಾಗೇಂದ್ರ ರಾಮಚಂದ್ರ ನಾಯ್ಕ್ ಅವರ ಹೆಸರನ್ನು ಸುಪ್ರೀಂ ಕೋರ್ಟ್ ಕೊಲಿಜಿಯಂ ನಮ್ಮ ಹೈಕೋರ್ಟಿಗೆ ಶಿಫಾರಸು ಮಾಡಿದ್ದು 2019ರ ಅಕ್ಟೋಬರ್‌ನಲ್ಲಿ. 2021ರಲ್ಲಿ ಎರಡು ಸಲ ಮತ್ತೆ ಅದೇ ಹೆಸರು ಹೇಳಿತು. 2023ರ ಜನವರಿಯಲ್ಲಿ ಮೂರನೇ ಸಲ. ಒಂದು ಸಲ ಪುನರುಚ್ಚರಿಸಿದರೇ ಸರ್ಕಾರ ಬದ್ಧ ಎಂಬುದು 1993ರ ತೀರ್ಪು. ಹೀಗೇ ಶಿಫಾರಸಾಗಿದ್ದ ಹಿರಿಯ ವಕೀಲ ಆದಿತ್ಯ ಸೋಂಧಿ ಅವರು ಒಂದು ವರ್ಷ ಕಾದು 2022ರ ಫೆಬ್ರವರಿಯಲ್ಲಿ ತಮ್ಮ ಒಪ್ಪಿಗೆಯನ್ನೇ ಹಿಂದಕ್ಕೆ ಪಡೆದರು. ಬೆಳಗಾವಿಯಲ್ಲಿ ಪ್ರಧಾನ ಜಿಲ್ಲಾ ನ್ಯಾಯಾಧೀಶರಾಗಿದ್ದ ಪಿ. ಕೃಷ್ಣ ಭಟ್ ಅವರ ಹೆಸರು ಹೋದದ್ದು 2016ರಲ್ಲಿ. ಅವರ ಮೇಲಿನ ದೂರಿನಲ್ಲಿ ಹುರುಳಿಲ್ಲ ಎಂದು ವಿಚಾರಣೆಯಲ್ಲಿ ತಿಳಿದ ಮೇಲೂ ಕೇಂದ್ರವು ಕೊಲಿಜಿಯಂ ಬಿಟ್ಟು ನೇರವಾಗಿ ಹೈಕೋರ್ಟಿಗೆ ಬರೆಯಿತು. 2018ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಚೆಲಮೇಶ್ವರ್ ಇದನ್ನು ಆಕ್ಷೇಪಿಸಿ ಪತ್ರ ಬರೆದರು. ಭಟ್ಟರು ಪ್ರಮಾಣವಚನ ತೆಗೆದುಕೊಂಡಿದ್ದು 2020ರಲ್ಲಿ. ನಾಲ್ಕು ವರ್ಷ! ಒಳ್ಳೆಯ ವಕೀಲರು ಈ ಕಡೆ ತಲೆ ಹಾಕಲು ಯಾಕೆ ಹಿಂಜರಿಯುತ್ತಾರೆ ಎಂಬುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಆದರೆ, ಮಾನ್ಯರೇ, ಸರ್ಕಾರವನ್ನು ದೂರ ಇಡಲು ಕಟ್ಟಿದ ಗೋಡೆ ನಮ್ಮನ್ನೂ ಹೊರಗಿಟ್ಟಿದೆ. ಕೊಲಿಜಿಯಂ ಬದಲಿಗೆ ಸಂಸತ್ತು ತಂದ ನ್ಯಾಯಾಂಗ ನೇಮಕಾತಿ ಆಯೋಗವನ್ನು 2015ರ ಅಕ್ಟೋಬರ್‌ನಲ್ಲಿ ನಾಲ್ಕು–ಒಂದರ ಬಹುಮತದಿಂದ ರದ್ದು ಮಾಡಿದ ಸುಪ್ರೀಂ ಕೋರ್ಟ್ ಪೀಠವೇ, ಕೊಲಿಜಿಯಂ ಪದ್ಧತಿಯಲ್ಲಿ ಸುಧಾರಣೆ ಬೇಕು ಎಂದು ಒಪ್ಪಿತು. ಅದೇ ಡಿಸೆಂಬರ್‌ನಲ್ಲಿ ಅರ್ಹತೆಯ ಮಾನದಂಡ, ಪಾರದರ್ಶಕತೆ, ಒಂದು ಕಾರ್ಯಾಲಯ, ದೂರು ಪರಿಶೀಲನೆ, ಇವೆಲ್ಲ ಇರುವ ಹೊಸ ಕಾರ್ಯವಿಧಾನ ಬರೆಯಲು ಹೇಳಿತು. ಆಮೇಲೆ ಆ ಕರಡು ಕೋರ್ಟಿಗೂ ಸರ್ಕಾರಕ್ಕೂ ನಡುವೆ ವರ್ಷಗಟ್ಟಲೆ ಓಡಾಡಿತು. 2017ರಲ್ಲಿ ಕೊಲಿಜಿಯಂ ತೀರ್ಮಾನದಂತೆ ನಮ್ಮ ಹೈಕೋರ್ಟಿನ ಹಿರಿಯ ನ್ಯಾಯಮೂರ್ತಿ ಜಯಂತ್ ಪಟೇಲ್ ಅವರನ್ನು ಅಲಹಾಬಾದಿಗೆ ವರ್ಗ ಮಾಡಿದಾಗ ಅವರು ರಾಜೀನಾಮೆ ಕೊಟ್ಟು ಹೋದರು. ರಾಜ್ಯದ ವಕೀಲರು ಪ್ರತಿಭಟಿಸಿದೆವು. ‘ಯಾಕೆ’ ಎಂಬ ನಮ್ಮ ಪ್ರಶ್ನೆಗೆ ಸಮಾಧಾನದ ಉತ್ತರ ಸಿಗಲಿಲ್ಲ.

ಇತ್ತೀಚೆಗೆ ಬಾಗಿಲು ಸ್ವಲ್ಪ ತೆರೆದಿದೆ, ಅದನ್ನೂ ಹೇಳಲೇಬೇಕು. 2024ರ ಡಿಸೆಂಬರ್‌ನಿಂದ ಸುಪ್ರೀಂ ಕೋರ್ಟ್ ಕೊಲಿಜಿಯಂ ಹೈಕೋರ್ಟಿಗೆ ಶಿಫಾರಸಾದವರನ್ನು ಎದುರಿಗೆ ಕೂರಿಸಿಕೊಂಡು ಮಾತಾಡಿಸಲು ಶುರು ಮಾಡಿತು. 2025ರ ಮೇ 5ರಂದು, 2022ರ ನವೆಂಬರ್‌ನಿಂದ ಅಲ್ಲಿಯವರೆಗೆ ಒಪ್ಪಿದ 221 ಹೆಸರುಗಳ ವಿವರ ಪ್ರಕಟಿಸಿತು. ಹಾಲಿ ಅಥವಾ ನಿವೃತ್ತ ನ್ಯಾಯಮೂರ್ತಿಗಳ ಸಂಬಂಧಿಕರು ಅದರಲ್ಲಿ 14. ಮಹಿಳೆಯರು 34. ಆ ಪಟ್ಟಿಯನ್ನು ನಾನು ಎರಡು ಸಲ ಓದಿದೆ. ಸಂಬಂಧದ ಕಾಲಂ ಇದೆ ಎಂಬುದೇ ನನಗೆ ದೊಡ್ಡ ಸಮಾಧಾನ. ನ್ಯಾಯಮೂರ್ತಿಗಳ ಮಕ್ಕಳು ಆಗಲೇಬಾರದು ಅನ್ನುವವಳು ನಾನಲ್ಲ. ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರ ತಂದೆ ದೇಶದ ಮುಖ್ಯ ನ್ಯಾಯಮೂರ್ತಿ ಆಗಿದ್ದವರು. ನೋಟು ರದ್ದತಿ ಪ್ರಕರಣದಲ್ಲಿ ಒಬ್ಬರೇ ನಿಂತು ಭಿನ್ನ ತೀರ್ಪು ಬರೆದವರು ಅವರು. ಅದನ್ನು ಓದಿದ ಯಾರೂ ಅವರ ಅರ್ಹತೆಯ ಬಗ್ಗೆ ಸೊಲ್ಲೆತ್ತುವುದಿಲ್ಲ. ಅರ್ಹರಿಗೆ ಅರ್ಜಿಯಿಂದ ನಷ್ಟವೇನೂ ಇಲ್ಲ. ಅವರ ಹೆಸರಿಗೆ ಅಂಟುವ ಅನುಮಾನ ಕಳೆಯುತ್ತದೆ, ಅದು ಲಾಭವೇ.

ಇನ್ನೊಂದು ಹೆಸರು ನನಗೆ ಬಹಳ ಹತ್ತಿರದ್ದು. ಮಂಜುಳಾ ಚೆಲ್ಲೂರ್. ಬಳ್ಳಾರಿಯಲ್ಲಿ ವಕೀಲಿಕೆ ಮಾಡಿದ ಮೊದಲ ಮಹಿಳೆ. ಜಿಲ್ಲಾ ನ್ಯಾಯಾಧೀಶರಾಗಿ ಬಂದು, 2000ದಲ್ಲಿ ನಮ್ಮ ಹೈಕೋರ್ಟಿನ ಮೊದಲ ಮಹಿಳಾ ನ್ಯಾಯಮೂರ್ತಿಯಾದರು. ಕೇರಳ, ಕಲ್ಕತ್ತಾ, ಬಾಂಬೆ ಹೈಕೋರ್ಟುಗಳ ಮುಖ್ಯ ನ್ಯಾಯಮೂರ್ತಿಯೂ ಆದರು. ಸಣ್ಣ ಊರಿನ ಕೋರ್ಟಿನಲ್ಲಿ ಎಂಥವರು ಇರುತ್ತಾರೆ ಎಂಬುದಕ್ಕೆ ನಮ್ಮ ಜೂನಿಯರ್ ಹುಡುಗಿಯರಿಗೆ ನಾನು ಅವರ ಹೆಸರನ್ನೇ ಹೇಳುತ್ತೇನೆ. ಅವರಿಗೆ ಸಿಕ್ಕಿದ್ದು ಜಿಲ್ಲಾ ನ್ಯಾಯಾಧೀಶರ ಹುದ್ದೆಯ ದಾರಿ, ಅರ್ಜಿ ಇರುವ ದಾರಿ.

ಹೊರದೇಶದ ಮಾತು ಜಾಸ್ತಿ ಬೇಡ, ಒಂದೆರಡು ಸಾಕು. ಅಮೆರಿಕದ ಎಷ್ಟೋ ರಾಜ್ಯಗಳಲ್ಲಿ ನ್ಯಾಯಾಧೀಶರನ್ನು ಚುನಾವಣೆಯಲ್ಲಿ ಆರಿಸುತ್ತಾರೆ. 2025ರ ಏಪ್ರಿಲ್‌ನಲ್ಲಿ ವಿಸ್ಕಾನ್ಸಿನ್ ರಾಜ್ಯದ ಸುಪ್ರೀಂ ಕೋರ್ಟಿನ ಒಂದೇ ಒಂದು ಸ್ಥಾನಕ್ಕೆ ಎರಡೂ ಕಡೆ ಸೇರಿ ಸುಮಾರು 10 ಕೋಟಿ ಡಾಲರ್ ಖರ್ಚಾಯಿತು. ಅದು ನಮಗೆ ಬೇಡವೇ ಬೇಡ. ಆದರೆ ಅದೇ ದೇಶದ ಮಿಸೌರಿಯ ಜನ, ಪಕ್ಷದ ಯಜಮಾನರು ನ್ಯಾಯಾಧೀಶರನ್ನು ಕೂರಿಸುವುದನ್ನು ನೋಡಿ ನೋಡಿ ಬೇಸತ್ತು, 1940ರಲ್ಲಿ ಮತ ಹಾಕಿ ಪದ್ಧತಿ ಬದಲಿಸಿದರು. ವಕೀಲರು, ಸಾಮಾನ್ಯ ನಾಗರಿಕರು, ಒಬ್ಬ ನ್ಯಾಯಾಧೀಶರು ಸೇರಿದ ಸಮಿತಿ ಅರ್ಜಿ ನೋಡಿ ಮೂರು ಹೆಸರು ಕೊಡುತ್ತದೆ. ರಾಜ್ಯಪಾಲರು ಆ ಮೂರರಲ್ಲೇ ಒಬ್ಬರನ್ನು ಆರಿಸಬೇಕು. ಇಂಗ್ಲೆಂಡಿನಲ್ಲೂ 2006ರಿಂದ ನೇಮಕಾತಿ ಆಯೋಗ ಬಂದು, ಹೈಕೋರ್ಟ್ ನ್ಯಾಯಮೂರ್ತಿ ಆಗಬೇಕಾದವರು ಅರ್ಜಿ ಹಾಕುತ್ತಾರೆ. ಅಲ್ಲಿ ಯಾರ ಘನತೆಯೂ ಅದರಿಂದ ಕುಂದಿಲ್ಲ.

ಈಗ ನನ್ನ ಮನವಿ. ಇದಕ್ಕೆ ಸಂವಿಧಾನ ತಿದ್ದಬೇಕಾಗಿಲ್ಲ, ದೆಹಲಿಯ ಅಪ್ಪಣೆಗೆ ಕಾಯಬೇಕಾಗಿಲ್ಲ. ಸ್ಥಾನ ಖಾಲಿಯಾಗುವ ಆರು ತಿಂಗಳ ಮೊದಲೇ ಮುಖ್ಯ ನ್ಯಾಯಮೂರ್ತಿಗಳು ಪ್ರಸ್ತಾವ ಶುರು ಮಾಡಬೇಕು ಅಂತ ಈಗಿರುವ ಕಾರ್ಯವಿಧಾನದಲ್ಲೇ ಇದೆ. ಆ ಆರು ತಿಂಗಳಲ್ಲಿ ಮೊದಲ ಒಂದು ತಿಂಗಳನ್ನು ನಮಗೆ ಕೊಡಿ. ಹೈಕೋರ್ಟಿನ ವೆಬ್‌ಸೈಟಿನಲ್ಲಿ, ಎಲ್ಲ ತಾಲ್ಲೂಕು ವಕೀಲರ ಸಂಘಗಳ ನೋಟಿಸ್ ಬೋರ್ಡಿನಲ್ಲಿ ಕನ್ನಡದಲ್ಲೇ ಒಂದು ಪ್ರಕಟಣೆ ಹಾಕಿ. ತಾವು ಏನನ್ನು ನೋಡುತ್ತೀರಿ ಅಂತ ಅದರಲ್ಲಿ ಬರೆಯಿರಿ. ಅರ್ಜಿ ಹಾಕಲು ಸಂಕೋಚ ಪಡುವವರ ಹೆಸರನ್ನು ಬೇರೆಯವರು ಸೂಚಿಸಲಿಕ್ಕೂ ಅವಕಾಶ ಇರಲಿ. ಪ್ರತಿ ಜಿಲ್ಲೆಯ ಪ್ರಧಾನ ನ್ಯಾಯಾಧೀಶರನ್ನು ಕೇಳಿ: ‘ನಿಮ್ಮ ಕೋರ್ಟಿನಲ್ಲಿ ಯಾರ ವಾದ ಕೇಳಿ ನಿಮ್ಮ ಮನಸ್ಸು ಬದಲಾಗಿದೆ?’ ಅವರು ದಿನಾ ನೋಡುತ್ತಾರೆ, ಅವರಿಗೆ ಗೊತ್ತು.

ಅರ್ಜಿ ಜೊತೆ ಕೆಲಸವನ್ನೇ ಕೇಳಿ. ವರದಿಯಾದ ತೀರ್ಪುಗಳನ್ನು ಮಾತ್ರ ಕೇಳಿದರೆ ತಾಲ್ಲೂಕಿನವರು ಹೊಸಿಲಲ್ಲೇ ಸೋಲುತ್ತಾರೆ. ತಾವೇ ನಡೆಸಿದ ಹತ್ತು ಪಾಟಿ ಸವಾಲುಗಳ ಪ್ರತಿ, ತಾವೇ ಬರೆದ ಐದು ವಾದಪತ್ರ, ಫೀಸಿಲ್ಲದೆ ನಡೆಸಿದ ಕೇಸುಗಳ ವಿವರ ಕೇಳಿ. ಒಂದು ಪಾಟಿ ಸವಾಲು ಓದಿದರೆ ಆ ವಕೀಲ ಎಂಥವನು ಅಂತ ತಮಗೆ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ನನ್ನ ಸೀನಿಯರ್‌ದು ಓದಿದ್ದರೆ ಐದೇ ನಿಮಿಷ ಸಾಕಿತ್ತು.

ಸಂಬಂಧಗಳನ್ನು ಅರ್ಜಿಯಲ್ಲೇ ಹೇಳಿಸಿ. ನ್ಯಾಯಮೂರ್ತಿಗಳ ಸಂಬಂಧ ಮಾತ್ರ ಅಲ್ಲ. ಯಾವುದಾದರೂ ಪಕ್ಷದಲ್ಲಿ ಹುದ್ದೆ ಇತ್ತೇ, ಚುನಾವಣೆಗೆ ನಿಂತಿದ್ದರೇ, ಸರ್ಕಾರಿ ವಕೀಲರಾಗಿದ್ದರೆ ಯಾವ ಸರ್ಕಾರ, ಯಾವ ಪದ್ಧತಿಯಲ್ಲಿ ನೇಮಿಸಿತು ಎಂಬುದೂ ಇರಲಿ. ಇವು ಯಾವುದೂ ಅನರ್ಹತೆ ಆಗಬೇಕಿಲ್ಲ. ಎಲ್ಲರ ಕಣ್ಣೆದುರು ಇದ್ದರೆ ಸಾಕು. ಹೆಸರು ಬಿಟ್ಟರೆ ಬಿಟ್ಟ ಕಾರಣವನ್ನು ಕೊನೇಪಕ್ಷ ಆ ವ್ಯಕ್ತಿಗೆ ಎರಡು ಸಾಲಿನಲ್ಲಿ ತಿಳಿಸಿ. ಕಾರಣ ಹೊರಬಂದರೆ ಅವರ ಮರ್ಯಾದೆಗೆ ಕುಂದು ಎಂಬ ಆತಂಕ ಇದೆ, ಗೊತ್ತು. ಅವರೊಬ್ಬರಿಗೆ ತಿಳಿಸಿದರೆ ಆ ಆತಂಕವೂ ಇಲ್ಲ.

ಈ ಪತ್ರದ ಪ್ರತಿಯನ್ನು ಮುಖ್ಯಮಂತ್ರಿಗಳಿಗೂ ಕಳಿಸುತ್ತಿದ್ದೇನೆ. ತಮ್ಮ ಪಟ್ಟಿ ಅವರ ಬಳಿ ಬಂದಾಗ ಅಭಿಪ್ರಾಯ ಹೇಳಲು ರಾಜ್ಯಕ್ಕೆ ಆರು ವಾರ ಇದೆ. ಆ ಅಭಿಪ್ರಾಯ ಬರವಣಿಗೆಯಲ್ಲಿ ಇರಲಿ, ನೇಮಕ ಮುಗಿದ ಮೇಲೆ ಪ್ರಕಟವಾಗಲಿ. ಅದಕ್ಕಿಂತ ಮೊದಲು, ತಾಲ್ಲೂಕಿನಿಂದ ಹೈಕೋರ್ಟಿನವರೆಗೆ ಎಲ್ಲ ಸರ್ಕಾರಿ ವಕೀಲರ ನೇಮಕಕ್ಕೆ ನ್ಯಾಯಾಧೀಶರೂ ಇರುವ ಒಂದು ಸಮಿತಿ ಮಾಡಿ ಅಂತ ಅವರನ್ನು ಕೈಮುಗಿದು ಕೇಳುತ್ತೇನೆ. ಸರ್ಕಾರದ ಜಮೀನು ಉಳಿಸುವವರು ಬೇಕಾಗಿರುವುದು ಮೊದಲು ಸರ್ಕಾರಕ್ಕೇ ಅಲ್ಲವೇ?

ಇದು ನನಗಾಗಿ ಬರೆದದ್ದಲ್ಲ. ಆ ಅಂಗಳದಿಂದ ಎದ್ದು ಬಂದ ದಿನವೇ ನನ್ನ ಆಸೆ ಮುಗಿಯಿತು. ಈಗ ನನ್ನ ಕಚೇರಿಯಲ್ಲಿ ಇಬ್ಬರು ಜೂನಿಯರ್ ಇದ್ದಾರೆ. ಒಬ್ಬಳು ಕುರಿ ಸಾಕುವವರ ಮನೆಯ ಹುಡುಗಿ. ಹೋದ ತಿಂಗಳು ಮೊದಲ ಸಲ ಸ್ವತಂತ್ರವಾಗಿ ಪಾಟಿ ಸವಾಲು ಮಾಡಿದಳು. ಮೂರನೇ ಪ್ರಶ್ನೆಗೆ ಸಾಕ್ಷಿ ತಡವರಿಸಿದ. ಇವಳು ತಕ್ಷಣ ನಿಲ್ಲಿಸಿ ಕೂತುಬಿಟ್ಟಳು. ಎಲ್ಲಿ ನಿಲ್ಲಿಸಬೇಕು ಅಂತ ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಇನ್ನು ಇಪ್ಪತ್ತು ವರ್ಷಕ್ಕೆ, ಆಗ ತಮ್ಮ ಸ್ಥಾನದಲ್ಲಿ ಕೂತವರು ನೋಡುವ ಪಟ್ಟಿಯಲ್ಲಿ ಅವಳು ಇರಬೇಕು. ಅವಳು ತುಂಬುವ ಆ ನಮೂನೆಯಲ್ಲಿ ‘ಶಿಫಾರಸು ಮಾಡಿದವರು’ ಎಂಬ ಕಾಲಂ ಇರಬಾರದು ಎಂದು ಕೇಳಿಕೊಳ್ಳುತ್ತೇನೆ.

ಗೌರವಪೂರ್ವಕ ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ಒಬ್ಬ ತಾಲ್ಲೂಕು ಕೋರ್ಟಿನ ವಕೀಲೆ

ಪ್ರತಿ: ಮಾನ್ಯ ಮುಖ್ಯಮಂತ್ರಿಗಳು, ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು.